ಕಿಟಕಿ ಕಾಗದ

"ಮಗಳಿಗೆ ಕಾಗದ ಮಾಡಿಸ್ಬೇಕಿತ್ತು," ಎಂದ ಅವನು, ಬಾಗಿಲಲ್ಲೇ ನಿಂತು.

ಒಂಬತ್ತು ವರ್ಷದ ಮೇಲೆ ಎದುರಿಗೆ ಬಂದವನು ಆಡಿದ ಮೊದಲ ಮಾತು ಇದು. ಚೆನ್ನಾಗಿದ್ದೀರಾ ಇಲ್ಲ, ಗುರುತು ಸಿಕ್ಕಿತಾ ಇಲ್ಲ. ನಾನು ಗಾಜಿನ ಹಲಗೆಯ ಮೇಲೆ ಇಂಕು ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ.

"ಒಳಗೆ ಬನ್ನಿ," ಎಂದೆ.

ಅವನು ತಲೆ ಬಗ್ಗಿಸಿ ಬಂದ. ನಮ್ಮ ಬಾಗಿಲು ಅವನಿಗಿಂತ ಎರಡು ಗೇಣು ಎತ್ತರ. ಆದರೂ ಬಗ್ಗುತ್ತಾನೆ. ಲಿಫ್ಟ್ ರಿಪೇರಿಗೆ ಅದರ ತಳದ ಹಳ್ಳಗಳಲ್ಲಿ ಇಳಿದು ಹತ್ತಿ ಬಂದ ಅಭ್ಯಾಸ ಅದು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಈ ಬಗ್ಗುವುದು ಮಾತ್ರ ಹಾಗೇ ಉಳಿದಿತ್ತು.

"ಕೆನ್ನೆ ಮೇಲೆ ಇಂಕಿದೆ."

"ಇರ್ಲಿ ಬಿಡಿ."

"ಇರ್ಲಿ. ಅದಿಲ್ದೇ ಇದ್ದಿದ್ರೆ ಅಂಗಡಿ ತಪ್ಪಿ ಬಂದೆ ಅನ್ಕೋತಿದ್ದೆ, ಇಂಕ್ ಮೇಡಂ."

ಆ ಹೆಸರಿನಿಂದ ನನ್ನನ್ನು ಕರೆಯುವವರು ಬೇರೆ ಯಾರೂ ಇಲ್ಲ. ಬಾಯಿಮಾತಿನಲ್ಲಿ ನಾವು ಯಾವತ್ತೂ ನೀವು ತಾವು ದಾಟಿದವರಲ್ಲ. ಮನಸ್ಸಿನಲ್ಲಿ ಮಾತ್ರ ನನಗೆ ಅವನು ಮೊದಲಿನಿಂದಲೂ ಅವನೇ.

"ಮಗಳಿಗೆ ಎಷ್ಟು ವಯಸ್ಸು, ಲಿಫ್ಟ್ ಸಾಹೇಬರೇ?"

"ಆರು. ಅಕ್ಷರ ಕಲಿತಿದಾಳೆ. ನಮ್ಮ ದೊಡ್ಡಮ್ಮನಿಗೆ ತಾನೇ ಕಾಗದ ಬರೀತೀನಿ ಅಂತ ಹಟ. ನೋಟ್‌ಬುಕ್ ಹಾಳೆ ಆಗಲ್ವಂತೆ. ಚಿತ್ರ ಇರೋ ಕಾಗದಾನೇ ಬೇಕಂತೆ."

"ಯಾವ ಚಿತ್ರ?"

"ಮೀನು," ಎಂದು ಅವನು ನನ್ನನ್ನು ನೋಡಿದ. ನೋಡಿ ಬೇಗ ಕಣ್ಣು ತೆಗೆದ. "ಎಲ್ಲ ಮಕ್ಕಳಿಗೂ ಮೀನು ಇಷ್ಟ ಅಲ್ವಾ?"

ಎಲ್ಲ ಮಕ್ಕಳ ವಿಷಯ ನನಗೆ ಗೊತ್ತಿಲ್ಲ. ಅವನ ಮೀನಿನ ವಿಷಯ ಗೊತ್ತು.

*

ಕೈಯಲ್ಲಿ ಕಾಗದ ಬರೆಯುವವರು ಕಡಿಮೆಯಾಗಿದ್ದಾರೆ, ಮುಗಿದಿಲ್ಲ. ಹಾಗೆ ಉಳಿದವರಿಗೆ ಅಲಂಕಾರದ ಹಾಳೆ ಮಾಡಿಕೊಡುವುದು ನನ್ನ ಕೆಲಸ. ಮರದ ಅಚ್ಚು ನಾನೇ ಕೆತ್ತುತ್ತೇನೆ. ಹಾಳೆ ತುಂಬ ತೆಳು ಬಣ್ಣದಲ್ಲಿ ಒಂದು ಬಳ್ಳಿ, ಅಂಚಿನಲ್ಲಿ ಹಕ್ಕಿಯೋ ಹೂವೋ, ಬಳ್ಳಿಯ ಮೇಲೆ ಬರೆದರೆ ಅಕ್ಷರ ಎದ್ದು ಕಾಣಬೇಕು. ಒತ್ತುವ ಕೈಮೆಷಿನ್ ನನ್ನ ಸೋದರಮಾವ ಕೊಟ್ಟದ್ದು. ಹಿಡಿ ಎಳೆದರೆ ಮೇಲಿನ ಕಬ್ಬಿಣದ ಹಲಗೆ ಇಳಿದು ಕಾಗದವನ್ನು ಅಚ್ಚಿಗೆ ಒತ್ತುತ್ತದೆ. ಕಬ್ಬಿಣ ನೇರವಾಗಿ ತಾಗಬಾರದು ಎಂದು ಹಲಗೆಯ ಕೆಳಗೆ ದಪ್ಪ ಬಟ್ಟೆ, ಬಟ್ಟೆಯ ಒಳಗೆ ಹತ್ತಿಪ್ಪತ್ತು ಹಾಳೆಗಳ ಒಂದು ಕಟ್ಟು. ಆ ಕಟ್ಟಿಗೆ ಪ್ಯಾಕಿಂಗ್ ಅನ್ನುತ್ತೇವೆ. ಒತ್ತು ಸಾಲದಿದ್ದರೆ ಇನ್ನಷ್ಟು ಹಾಳೆ ಸೇರಿಸಿ ಬೋಲ್ಟ್ ಬಿಗಿದರಾಯಿತು.

ನಮ್ಮ ಅಂಗಡಿ ಒಂದು ಹಳೆಯ ಆರು ಮಹಡಿ ಕಟ್ಟಡದ ಕೆಳಗೆ, ಮೆಟ್ಟಿಲ ಹಿಂದೆ. ಒಳಗಿನ ಕೋಣೆಯೇ ನಾನು, ಅಮ್ಮ ಇರುವ ಮನೆ. ಪಕ್ಕದಲ್ಲೇ ಲಿಫ್ಟು. ಅದು ಕೆಟ್ಟಾಗಲೆಲ್ಲ ಅವನು ಬರುತ್ತಿದ್ದ. ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ಮೊಣಕೈವರೆಗೂ ಗ್ರೀಸು.

"ಸೋಪಿಗೆ ಹೋಗ್ತಿಲ್ಲ. ಏನಾದ್ರೂ ಇದ್ಯಾ?" ಎಂದು ಕೇಳಿದ್ದ.

ನಾನು ಇಂಕು ಒರೆಸುವ ಸೀಮೆಎಣ್ಣೆ ಬಟ್ಟೆಯನ್ನು ಕೊಟ್ಟೆ. ಅದನ್ನು ಹಿಡಿದ ನನ್ನ ಕೈ ಅವನದಕ್ಕಿಂತ ಕರ್ರಗಿತ್ತು. ಅವನು ಎರಡು ಕೈಗಳನ್ನೂ ನೋಡಿ, "ಪರವಾಗಿಲ್ಲ, ನಾನೇ ಬೆಳ್ಳಗಿದೀನಿ," ಎಂದು ನಕ್ಕ. ನನಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಗಿರಾಕಿಯಲ್ಲದವರಿಗೆ ಸುಮ್ಮಸುಮ್ಮನೆ ನಗು ಹಂಚುವ ಸ್ವಭಾವ ನನ್ನದಲ್ಲ ಎಂದು ಆಗ ನನಗೆ ಬಹಳ ಜಂಬವಿತ್ತು.

ಆಮೇಲೆ ಅವನು ಗಿರಾಕಿಯೂ ಆದ. ಅವನನ್ನು ಸಾಕಿದ ದೊಡ್ಡಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಆ ಮನೆಯಲ್ಲಿ ಮುಖ್ಯವಾದದ್ದೆಲ್ಲ ಚೀಟಿಯಲ್ಲಿ. ಪರೀಕ್ಷೆಯಲ್ಲಿ ಫೇಲಾದದ್ದನ್ನೂ ಅವನು ಚೀಟಿ ಬರೆದು ಅವರ ಚಾಪೆಯ ಮೇಲಿಟ್ಟು ಓಡಿದ್ದನಂತೆ. ಬೈಗುಳವೂ ಚೀಟಿಯಲ್ಲೇ ಬಂತಂತೆ, ಎರಡು ಬದಿ ತುಂಬ.

"ಅದಕ್ಕೇ ನನಗೆ ಬಾಯಲ್ಲಿ ಹೇಳೋಕೆ ಬರಲ್ಲ. ತಮಾಷೆ ಬರುತ್ತೆ. ದೊಡ್ಡ ಮಾತು ಬರಲ್ಲ," ಎಂದಿದ್ದ ಒಮ್ಮೆ.

ನಾನು ಅದನ್ನು ಕಿವಿಯಲ್ಲಿ ಹಾಕಿಕೊಂಡೆ, ತಲೆಯಲ್ಲಿ ಹಾಕಿಕೊಳ್ಳಲಿಲ್ಲ.

ದೊಡ್ಡಮ್ಮನಿಗೆ ವಾರಕ್ಕೊಂದು ಕಾಗದ ಹೋಗುತ್ತಿತ್ತು. ಅದಕ್ಕೆ ಒಳ್ಳೆ ಹಾಳೆ ಕೊಳ್ಳುತ್ತಿದ್ದ, ಜೊತೆಗೆ ನನ್ನ ಹಾಳು ಹಾಳೆಗಳನ್ನೂ ಕೇಳಿ ಒಯ್ಯುತ್ತಿದ್ದ. ಇಂಕು ಹೆಚ್ಚು ಕಡಿಮೆಯಾಗಿ ಕೆಟ್ಟವು ಟ್ರೇಯಲ್ಲಿ ಬಿದ್ದಿರುತ್ತವೆ. ದಿನಾ ಬೆಳಿಗ್ಗೆ ಮೇಲಿನದೊಂದನ್ನು ತೆಗೆದು, ಅದರ ಹಿಂಬದಿಗೆ ಒತ್ತಿ ನೋಡಿಯೇ ನಾನು ಕೆಲಸ ಶುರುಮಾಡುವುದು.

"ಇದ್ಯಾಕೆ ನಿಮಗೆ?"

"ಮೊದಲು ಇದರ ಮೇಲೆ ಬರೆದು ನೋಡ್ತೀನಿ. ಒಳ್ಳೆ ಕಾಗದ ಕಂಡ್ರೆ ಕೈ ನಡುಗುತ್ತೆ."

"ಲಿಫ್ಟಿನ ಮೇಲೆ ನಿಂತ್ಕೊಂಡ್ರೆ ನಡುಗಲ್ವಾ?"

"ಅದು ಬಿದ್ರೆ ಒಂದೇ ಸಲ ತಾನೇ?"

ಒಂದು ದಿನ ಅಚ್ಚು ಕೆತ್ತುವುದು ಕಲಿಸಿ ಎಂದು ಕೂತ. ಚಿಕ್ಕ ಮರದ ತುಂಡು, ಉಳಿ, ಎದುರಿಗೆ ಮಾದರಿಗೆ ಒಂದು ಎಲೆ. ಸ್ಪ್ಯಾನರ್ ಹಿಡಿಯುವ ಹಾಗೆ ಉಳಿ ಹಿಡಿದ. ನಾನು ಅವನ ಬೆರಳು ಸರಿಮಾಡಿದೆ. ಸರಿಯಾದ ಮೇಲೂ ಒಂದು ಗಳಿಗೆ ಬಿಡಲಿಲ್ಲ. ಅವನು ಮರದ ತುಂಡನ್ನೇ ನೋಡುತ್ತಿದ್ದ, ಕಿವಿ ಮಾತ್ರ ಕೆಂಪಾಗುತ್ತಾ ಬಂತು. ಎರಡು ಗಂಟೆ ಕೆತ್ತಿ, ಇಂಕು ಹಚ್ಚಿ ಒತ್ತಿದರೆ ಎಲೆಯ ತೊಟ್ಟು ಬಾಲವಾಗಿ, ನಡುವಿನ ನರ ಮುಳ್ಳಾಗಿ, ಹುಳು ತಿಂದ ತೂತೊಂದು ಕಣ್ಣಾಗಿ ಕೂತಿತ್ತು.

"ನಿಮ್ಮ ಎಲೆ ಈಜ್ತಾ ಇದೆ," ಎಂದೆ.

"ಮೀನಲ್ಲ, ಎಲೆ!"

"ನೀರಿಗೆ ಬಿಡಿ, ಗೊತ್ತಾಗುತ್ತೆ."

ಅವತ್ತು ನಾವಿಬ್ಬರೂ ನಕ್ಕ ನಗು ಕೇಳಿ ಅಮ್ಮ ಒಳಗಿನಿಂದ ಬಂದು ನೋಡಿ ಹೋದಳು. ಆಮೇಲೆ ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಾ, "ಆ ಲಿಫ್ಟು ವಾರಕ್ಕೆ ಎರಡು ಸಲ ಕೆಡುತ್ತಲ್ಲ, ತಾನಾಗೇ ಕೆಡುತ್ತೋ, ಯಾರಾದ್ರೂ ಕೆಡಿಸ್ತಾರೋ?" ಎಂದು ಗೋಡೆಗೆ ಹೇಳಿದಳು.

ಆರು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ದಿನ, ಕೈ ತೊಳೆಯುತ್ತಾ, ಬೆನ್ನು ನನ್ನ ಕಡೆ ಮಾಡಿ, "ಮುಂದಿನ ವಾರ ಟ್ರಾನ್ಸ್‌ಫರ್. ದೂರದ ಊರು," ಎಂದ.

"ಒಳ್ಳೇದಾಯ್ತು. ಅಲ್ಲಿ ಇನ್ನೂ ಎತ್ತರದ ಕಟ್ಟಡ ಇರುತ್ತೆ," ಎಂದೆ ನಾನು.

ಇಂಥ ಮಾತನ್ನು ಯಾರಾದರೂ ಆಡುತ್ತಾರೆಯೇ? ನಾನು ಆಡಿದೆ. ಅವನು ಇನ್ನೇನಾದರೂ ಹೇಳಲಿ ಎಂದು ಕಾದು, ಹೇಳದೆ ಇದ್ದಾಗ ಬಾಯಿಗೆ ಬಂದದ್ದು ಅದು. ಆ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ವಾಪಸ್ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಹೊರಡುವ ಸಂಜೆ ಅವನು ಬಂದಾಗ ನಾನು ಇಂಕು ತರಲು ಹೋಗಿದ್ದೆ. ಬಂದು ಕೇಳಿದೆ.

"ಬಂದಿದ್ರು," ಎಂದಳು ಅಮ್ಮ. "ಸ್ವಲ್ಪ ಹೊತ್ತು ಕೂತಿದ್ರು. ಹೋಗ್ಬರ್ತೀನಿ ಅಂದ್ರು."

"ಅಷ್ಟೇನಾ?"

"ಇನ್ನೇನು ಹೇಳ್ಬೇಕಿತ್ತು?"

ಮಾರನೆಯ ದಿನ ಬೆಳಿಗ್ಗೆ ನನ್ನ ಮೂಗಿನ ತುದಿಯಲ್ಲಿ ಸಿಟ್ಟಿತ್ತು. ದೊಡ್ಡ ಆರ್ಡರು, ಹಾಳು ಹಾಳೆಗೆ ಒತ್ತಿ ನೋಡದೆ ನೇರ ಒಳ್ಳೆ ಹಾಳೆಗೇ ಶುರುಮಾಡಿದೆ, ಬಣ್ಣ ತೆಳ್ಳಗೆ ಬೀಳುತ್ತಿತ್ತು, ಒತ್ತು ಸಾಲದು. ಟ್ರೇಯಲ್ಲಿದ್ದ ಹಾಳು ಹಾಳೆಗಳ ಕಟ್ಟನ್ನು ಕಟ್ಟಾಗಿಯೇ ಎತ್ತಿ ಬಟ್ಟೆಯೊಳಗೆ ತುರುಕಿದೆ. ಬೋಲ್ಟ್ ಬಿಗಿದೆ. ಹೋದರೆ ಹೋಗಲಿ ಎಂದು ಇನ್ನೊಂದು ಸುತ್ತು ಬಿಗಿದೆ.

ಅವನ ಹೊಸ ವಿಳಾಸ ಆ ಲಿಫ್ಟಿನ ಕಂಪನಿಗೆ ಒಂದು ಫೋನ್ ಮಾಡಿದ್ದರೆ ಸಿಗುತ್ತಿತ್ತು. ಮಾಡಲಿಲ್ಲ. ಬೇಕಾದವನು ಅವನೇ ಬರೆಯಲಿ ಎಂದು ಕೂತೆ. ಊರಿಗೆಲ್ಲ ಕಾಗದ ಮಾಡಿಕೊಟ್ಟವಳು ನಾನು, ಒಂದೇ ಒಂದು ಕಾಗದ ಬರೆಯಲಿಲ್ಲ. ಆಮೇಲೆ ಎರಡು ಸಲ ಮದುವೆಯ ಮಾತು ಬಂತು, ಬೇಡ ಅಂದೆ. ಅವನಿಗಾಗಿ ಎಂದರೆ ಸುಳ್ಳಾಗುತ್ತದೆ. ಆದರೆ ಬಂದವರು ಬಾಗಿಲಲ್ಲಿ ತಲೆ ಬಗ್ಗಿಸುತ್ತಾರಾ ಎಂದು ನೋಡಿದ್ದು ನಿಜ.

*

ಈಗ ಅವನು ಮೇಜಿನ ಮುಂದೆ ಕೂತು ಮಾದರಿ ಹಾಳೆಗಳನ್ನು ತಿರುವುತ್ತಿದ್ದ. ಒಂದರ ಮೇಲೆ ಬೆರಳು ನಿಂತಿತು.

"ಈ ಮೂಲೇಲಿ ಏನಿದು? ಚೌಕ?"

ಹಾಳೆಯ ಕೆಳಗೆ, ಬಲಗಡೆ ಮೂಲೆಯಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ, ಬಳ್ಳಿಯ ಬಣ್ಣ ಒಂದು ಚೂರು ಗಾಢವಾಗಿರುತ್ತದೆ. ನೆಲದ ಮೇಲೆ ಕಿಟಕಿಯ ನೆರಳು ಬಿದ್ದ ಹಾಗೆ.

"ಅದೇ ನಮ್ಮ ಗುರುತು," ಎಂದೆ. "ಇದಕ್ಕೆ ಕಿಟಕಿ ಕಾಗದ ಅಂತಾನೇ ಹೆಸರು. ಜನ ಕೇಳ್ಕೊಂಡು ಬರ್ತಾರೆ."

"ಬೇಕಂತ ಮಾಡಿದ್ದಾ?"

"ಸುಳ್ಳು ಯಾಕೆ ಹೇಳ್ಲಿ? ಮೆಷಿನ್ ಸವೆದಿದೆ. ಮೊದಮೊದಲು ಬೇಜಾರಾಗ್ತಿತ್ತು. ಟೀಚರಮ್ಮ ಒಬ್ರು ಅದನ್ನ ನೋಡಿ, ಎಷ್ಟು ಚೆನ್ನಾಗಿದೆ, ಮಾತು ಮುಗಿದ ಜಾಗದಲ್ಲಿ ಕಿಟಕಿ ಇಟ್ಟಿದೀಯಲ್ಲ ಅಂದ್ರು. ಅವತ್ತಿಂದ ನಾನೇ ಇಟ್ಟೆ ಅಂತ ಒಪ್ಕೊಂಡ್ಬಿಟ್ಟೆ."

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಕಣ್ಣು ಕಿರಿದು ಮಾಡಿದ. ಮೆಕ್ಯಾನಿಕ್ ಆದವನಿಗೆ ಮೆಷಿನ್ ಸವೆದಿದೆ ಎಂದು ಹೇಳಬಾರದಿತ್ತು.

"ಕಬ್ಬಿಣ ಇಷ್ಟು ನೆಟ್ಟಗೆ ಸವೆಯಲ್ಲ ಇಂಕ್ ಮೇಡಂ. ಅಳತೆ ಹಿಡಿದ ಹಾಗಿದೆ. ಒಳಗೆ ಏನೋ ಮಡಚಿದ್ದು ಸಿಕ್ಕಿದೆ. ಯಾವಾಗಿಂದ ಹೀಗೆ?"

"ತುಂಬಾ ವರ್ಷ ಆಯ್ತು."

"ಬಿಚ್ಚಿ ನೋಡಿಲ್ವಾ?"

"ನಡೀತಿರೋ ಮೆಷಿನ್ನಿಗೆ ಕೈ ಹಾಕ್ಬೇಡ ಅಂತ ಮಾವ ಹೇಳಿದ್ರು. ಹೊರಗಿನ ಬಟ್ಟೆ ಬದಲಾಯಿಸ್ತೀನಿ, ಒಳಗಿನ ಕಟ್ಟು ಮುಟ್ಟಿಲ್ಲ."

ಅವನು ಆಗಲೇ ಚೀಲದಿಂದ ಸ್ಪ್ಯಾನರ್ ತೆಗೆದಿದ್ದ. ಬೇಡ ಎಂದರೂ ಕೇಳುವವನಲ್ಲ, ನಾನು ಬೇಡ ಎನ್ನಲೂ ಇಲ್ಲ. ಅವನು ನಮ್ಮ ಅಂಗಡಿಯಲ್ಲಿ ಇನ್ನೂ ಹತ್ತು ನಿಮಿಷ ಇರುವುದಾದರೆ ಮೆಷಿನ್ ಪೂರ್ತಿ ಬಿಚ್ಚಿಹಾಕಿದರೂ ನನಗೆ ಚಿಂತೆಯಿರಲಿಲ್ಲ.

"ಯಾರು ಬಿಗಿದಿದ್ದು ಇದನ್ನ? ಆನೆಯಾ?" ಎಂದ ಬೋಲ್ಟ್ ತಿರುಗಿಸುತ್ತಾ.

"ನಾನೇ."

"ಯಾರ ಮೇಲೆ ಕೋಪ?"

ಬೋಲ್ಟ್ ಬಿಚ್ಚಿತು. ಬಟ್ಟೆ ಸರಿಸಿ, ಎಣ್ಣೆ ಕುಡಿದು ಒಂದಕ್ಕೊಂದು ಅಂಟಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಮೊದಲನೆಯದು ಬರೀ ಹಾಳೆ. ಅದರ ಕೆಳಗೆ, ನಾಲ್ಕು ಮಡಿಕೆ ಮಾಡಿದ್ದೊಂದು, ಒತ್ತಿ ಒತ್ತಿ ತೆಳ್ಳಗಾಗಿ, ಬಲಗಡೆ ಮೂಲೆಯಲ್ಲಿ ಕೂತಿತ್ತು.

ಅವನ ಕೈ ನಿಂತಿತು.

"ಸಿಕ್ತಾ?" ಎಂದೆ. "ಏನದು?"

ಅವನು ಸ್ಪ್ಯಾನರ್ ಕೆಳಗಿಟ್ಟ. ಸ್ಟೂಲಿನ ಮೇಲೆ ಕೂತ. ಕೂತವನು ಮಡಿಕೆ ಬಿಚ್ಚದೆ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಟ್ರೇಯಲ್ಲಿ ಮೇಲಿಂದ ಎರಡನೇದು," ಎಂದ ನಿಧಾನವಾಗಿ. "ಅಂಗಡಿ ಬಾಗಿಲು ತೆಗೆಯೋದು ನಿಮ್ಮಮ್ಮ ಅಲ್ವಾ? ಅವರ ಕಣ್ಣಿಗೆ ಬೀಳ್ಬಾರ್ದು ಅಂತ ಮೇಲೆ ಇಡ್ಲಿಲ್ಲ. ನೀವು ಬೆಳಿಗ್ಗೆ ಮೇಲಿಂದ ಒಂದು ತಗೊಂಡ್ರೆ ಕೆಳಗೆ ಇದು ಕಾಣುತ್ತೆ ಅಂತ ಲೆಕ್ಕ ಹಾಕಿದ್ದೆ."

ನನಗೆ ಅರ್ಥವಾಗಲು ಇನ್ನೇನೂ ಬೇಕಿರಲಿಲ್ಲ. ಮೇಜು ಹಿಡಿದು ನಿಂತೆ.

"ನಾನು ನೋಡ್ಲಿಲ್ಲ," ಎಂದೆ. "ಅವತ್ತು ಕಟ್ಟಾಗಿ ಎತ್ತಿ ಹಾಕ್ಬಿಟ್ಟೆ. ನಾನು ನೋಡ್ಲೇ ಇಲ್ಲ."

"ಗೊತ್ತಾಯ್ತು."

"ನೀವು ನನಗೆ ಬರೆದಿದ್ರಾ?"

"ಮೂರು ತಿಂಗಳು, ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಮನೇಲೇ ಇರ್ತಿದ್ದೆ. ಎರಡು ಸಲ ಸೂಪರ್‌ವೈಸರ್ ಹತ್ರ ಬೈಸ್ಕೊಂಡೆ." ಅವನು ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. "ಉತ್ತರ ಬರ್ದೇ ಇದ್ರೆ ಮತ್ತೆ ಯಾವತ್ತೂ ಕೇಳಲ್ಲ ಅಂತ ಬರೆದಿದ್ದೆ. ದೊಡ್ಡ ಮನುಷ್ಯನ ಹಾಗೆ. ಮಾತಿಗೆ ನಿಂತ್ಕೊಂಡೆ, ಅಷ್ಟೇ."

ಮೇಲಿನ ಮಹಡಿಯಲ್ಲಿ ಯಾರೋ ಲಿಫ್ಟ್ ಕರೆದರು. ಪಕ್ಕದ ಗೋಡೆಯಲ್ಲಿ ಅದು ಗುರುಗುಟ್ಟುತ್ತಾ ಹತ್ತಿ ಹೋಯಿತು. ಇಬ್ಬರೂ ಅದು ನಿಲ್ಲುವವರೆಗೆ ಕೇಳಿಸಿಕೊಂಡೆವು.

"ಒಂಬತ್ತು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಿದ್ದೆ," ಎಂದ ಅವನು. "ಜಾಸ್ತಿ ಏನಿಲ್ಲ. ಇಷ್ಟೇ ಇಷ್ಟು. ಈಗ ಅದನ್ನ ಎಲ್ಲಿಡ್ಲಿ?"

"ನನ್ನ ಹತ್ರಾನೂ ಇತ್ತು," ಎಂದೆ. "ಅದರ ಜೊತೆಗೇ ಇಟ್ಬಿಡಿ."

ನಾನು ಕೈ ಚಾಚಿದೆ. ಅವನು ಕಾಗದ ಕೊಟ್ಟ, ಆದರೆ ತನ್ನ ತುದಿ ಬಿಡಲಿಲ್ಲ.

"ನಾನು ಹೋದ ಮೇಲೆ ಓದಿ. ಓದಿದ ಮೇಲೆ," ಎಂದು ತಡೆದ. "ಉತ್ತರ ಏನಿರ್ತಿತ್ತು ಅಂತ ನನಗೆ ಹೇಳ್ಬೇಡಿ."

"ಯಾಕೆ?"

"ಇಲ್ಲ ಅಂತಿದ್ರೆ, ಅದನ್ನ ನಾನು ಆಗಲೇ ಅನುಭವಿಸಿ ಮುಗಿಸಿದೀನಿ. ಹೌದು ಅಂತಿದ್ರೆ, ನಾನು ಇವತ್ತು ಮನೆಗೆ ಹ್ಯಾಗೆ ಹೋಗ್ಲಿ?"

ಅವನ ಕಣ್ಣು ನೇರ ನನ್ನ ಕಣ್ಣಲ್ಲಿತ್ತು. ಹಿಂದೆ ಆರು ತಿಂಗಳಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ. ನೋಡಿದ್ದರೆ ಕಾಗದವೇ ಬೇಕಾಗುತ್ತಿರಲಿಲ್ಲ.

"ಅವಳು ಒಳ್ಳೆಯವಳು," ಎಂದ, ಹೆಂಡತಿಯ ವಿಷಯ. "ನನ್ನ ಚೀಟಿಗಳನ್ನೆಲ್ಲ ಓದ್ತಾಳೆ. ಅಡುಗೆಮನೇಲಿ ಇಟ್ರೂ, ಚಪ್ಪಲಿ ಕೆಳಗೆ ಇಟ್ರೂ ಹುಡುಕಿ ಓದ್ತಾಳೆ."

"ಒಳ್ಳೇದಾಯ್ತು," ಎಂದೆ. ಅದೇ ಮಾತು, ಹಿಂದೆ ಆಡಿದ್ದೇ. ಈ ಸಲ ಮಾತ್ರ ಮನಸಾರೆ ಹೇಳಲು ಪ್ರಯತ್ನಪಟ್ಟೆ.

ಅವನು ಎದ್ದು ಮೆಷಿನ್ ಸರಿಮಾಡಿದ. ಕೊನೆಗೆ ಟ್ರೇಯಿಂದ ಒಂದು ಹಾಳು ಹಾಳೆ ತೆಗೆದು ನಾಲ್ಕು ಮಡಿಕೆ ಮಾಡಿದ.

"ಅದೇ ಜಾಗದಲ್ಲಿ ಇಡ್ಲಾ? ನಿಮ್ಮ ಗಿರಾಕಿಗಳಿಗೆ ಕಿಟಕಿ ಬೇಕಲ್ವಾ?"

"ಬೇಡ," ಎಂದೆ.

ಮಗಳ ಕಾಗದವನ್ನು ಪೋಸ್ಟಿನಲ್ಲಿ ಕಳಿಸುವುದೆಂದು ಮಾತಾಯಿತು. ಅವನು ವಿಳಾಸ ಬರೆದುಕೊಟ್ಟ. ಬಾಗಿಲಲ್ಲಿ ನಿಂತು, "ನನ್ನ ಎಲೆಯ ಅಚ್ಚು ಇದ್ಯಾ ಇನ್ನೂ?" ಎಂದು ಕೇಳಿದ.

"ಎಲ್ಲಿ ಹೋಯ್ತೋ ಏನೋ," ಎಂದೆ.

ತಲೆಯಾಡಿಸಿದ. ಬಗ್ಗಿ ಹೊರಗೆ ಹೋದ.

*

ಕಾಗದ ಚಿಕ್ಕದು. ಮಡಿಕೆಗಳಲ್ಲಿ ಇಂಕು ಉಜ್ಜಿಹೋಗಿತ್ತು, ಆದರೆ ಓದಲು ಬರುತ್ತಿತ್ತು.

"ಇಂಕ್ ಮೇಡಂ, ಇದನ್ನು ಹಾಳು ಹಾಳೆಯ ಮೇಲೆಯೇ ಬರೆಯುತ್ತಿದ್ದೇನೆ. ಒಳ್ಳೆಯದರ ಮೇಲೆ ಬರೆಯಲು ಹೋದರೆ ನಾಳೆಯೂ ಮುಗಿಯುವುದಿಲ್ಲ. ಲಿಫ್ಟು ವಾರಕ್ಕೆ ಒಂದೇ ಸಲ ಕೆಡುತ್ತಿತ್ತು. ಎರಡನೆಯ ಸಲದ ತಪ್ಪು ನನ್ನದು. ನೀವು ನನ್ನ ಜೊತೆ ಇರುತ್ತೀರಾ ಎಂದು ಕೇಳಬೇಕಾಗಿದೆ, ಬಾಯಿ ಬರುತ್ತಿಲ್ಲ. ಕೆಳಗೆ ಹೊಸ ವಿಳಾಸವಿದೆ. ಒಪ್ಪಿಗೆಯಿದ್ದರೆ ಏನೂ ಬರೆಯಬೇಡಿ, ಒಂದು ಹಾಳೆಯ ಮೇಲೆ ನನ್ನ ಎಲೆಯನ್ನು ಒತ್ತಿ ಕಳಿಸಿ, ಸಾಕು. ಬರದಿದ್ದರೆ ತಿಳಿದುಕೊಳ್ಳುತ್ತೇನೆ, ಮತ್ತೆ ಕೇಳುವುದಿಲ್ಲ. ಅದು ಮೀನಲ್ಲ."

ಕೊನೆಯ ಸಾಲಿಗೆ ನಗು ಬಂತು. ನಗುತ್ತಲೇ ಅಳು ಬಂತು. ಒಳಗಿನಿಂದ ಅಮ್ಮ, "ಯಾರು ಬಂದಿದ್ದು?" ಎಂದು ಕೇಳಿದಳು. "ಗಿರಾಕಿ," ಎಂದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟು, ನನ್ನ ತಲೆ ಸವರಿ ಹೋದಳು.

ಒಂಬತ್ತು ವರ್ಷ ನಾನು ಮಾಡಿದ ಪ್ರತಿಯೊಂದು ಹಾಳೆಯಲ್ಲೂ ಅವನ ಪ್ರಶ್ನೆ ಮೂಲೆಯಲ್ಲಿ ಒತ್ತಿತ್ತು. ಯಾರ್ಯಾರೋ ಅದರ ಮೇಲೆ ಕ್ಷೇಮ ಬರೆದರು, ಕ್ಷಮೆ ಕೇಳಿದರು, ಪ್ರೀತಿಯಿಂದ ಎಂದು ಸಹಿ ಹಾಕಿದರು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ನಾನು ಹೌದೌದು ಎಂದು ಕತ್ತು ಆಡಿಸಿದೆ. ಒಂದು ದಿನ ಬೋಲ್ಟ್ ಬಿಚ್ಚಿ ನೋಡಿದ್ದರೆ? ಅವನು ಹೋದ ತಿಂಗಳಲ್ಲೇ, ಬೇಡ, ಆ ವರ್ಷವೇ ನೋಡಿದ್ದರೆ? ಇದನ್ನು ಯೋಚಿಸಬಾರದು ಎಂದು ದಿನಾ ಅಂದುಕೊಳ್ಳುತ್ತೇನೆ.

ಮಗಳಿಗೆ ಮೀನು ಕೆತ್ತಿದೆ. ನಾಲ್ಕು ದಿನ ಹಿಡಿಯಿತು. ದಪ್ಪ ಕಣ್ಣು, ಬೀಸಣಿಗೆಯಂಥ ಬಾಲ, ಮೈತುಂಬ ಹೊಳೆಯುವ ಹುರುಪೆ, ಬಾಯಿಂದ ಮೂರು ಗುಳ್ಳೆ. ಯಾರು ನೋಡಿದರೂ ಮೀನು ಎನ್ನಬೇಕು, ತಪ್ಪಿಯೂ ಎಲೆ ಎನ್ನಬಾರದು. ಅಷ್ಟು ಎಚ್ಚರದಿಂದ ಇನ್ಯಾವ ಅಚ್ಚನ್ನೂ ಕೆತ್ತಿಲ್ಲ.

ನಲವತ್ತು ಹಾಳೆ ಒತ್ತಿ ಒಣಗಲು ಹಾಕಿದ ಮೇಲೆ, ಅಚ್ಚುಗಳ ಡ್ರಾಯರಿನ ಹಿಂದಿನಿಂದ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟ ಆ ಚಿಕ್ಕ ಮರದ ತುಂಡನ್ನು ತೆಗೆದೆ. ಹಸಿರು ಇಂಕು ಹಚ್ಚಿದೆ. ಇದ್ದುದರಲ್ಲಿ ಒಳ್ಳೆಯ ಹಾಳೆ ಆರಿಸಿ ಹಿಡಿ ಎಳೆದೆ. ಬಂತು. ಬಾಲ, ಮುಳ್ಳು, ಹುಳು ತಿಂದ ಕಣ್ಣು. ಅದು ಎಲೆಯೇ. ಅವತ್ತು ತಮಾಷೆ ಮಾಡದೆ ನೋಡಿದ್ದರೆ ಅವತ್ತೂ ಎಲೆಯಾಗಿಯೇ ಕಾಣುತ್ತಿತ್ತು.

ಮಗಳ ಕಟ್ಟಿನ ನಡುವೆ ಅದನ್ನು ಇಟ್ಟೆ. ಬೇರೆ ಯಾರು ನೋಡಿದರೂ ಕೆಟ್ಟ ಚಿತ್ರವೊಂದು ಸೇರಿಹೋಗಿದೆ ಎಂದುಕೊಳ್ಳುತ್ತಾರೆ. ಅವನೊಬ್ಬನಿಗೆ ತಿಳಿಯುತ್ತದೆ. ತಿಳಿದರೆ ಸಾಕು, ಇನ್ನೇನೂ ಬೇಡ ಎನ್ನಿಸಿತು. ಹೊರತೆಗೆದೆ. ಮತ್ತೆ ಇಟ್ಟೆ. ಕಟ್ಟು ಕಟ್ಟಿ, ವಿಳಾಸ ಅಂಟಿಸಿ, ಪೋಸ್ಟ್ ಆಫೀಸಿನ ಮೆಟ್ಟಿಲವರೆಗೂ ಹೋದೆ. ಅಲ್ಲಿ ನಿಂತಾಗ, ನಾನು ಮನೆಗೆ ಹ್ಯಾಗೆ ಹೋಗ್ಲಿ ಎಂದು ಕೇಳಿದ ಅವನ ಮುಖ ಕಣ್ಣಿಗೆ ಕಟ್ಟಿತು. ಮೆಟ್ಟಿಲ ಮೇಲೆಯೇ ಕೂತು ದಾರ ಬಿಚ್ಚಿದೆ. ನಲವತ್ತು ಹಾಳೆ ಮಾತ್ರ ಹೋಯಿತು.

ಆ ಒಂದು ಹಾಳೆಯನ್ನು ಈಗ ಮೆಷಿನ್ನಿನ ಬಟ್ಟೆಯೊಳಗೆ ಇಟ್ಟಿದ್ದೇನೆ, ಮೇಲಿಂದ ಎರಡನೆಯದು. ಮಡಚಿಲ್ಲ. ಮಡಚದೆ ಇಟ್ಟರೆ ಯಾವ ಗುರುತೂ ಬೀಳುವುದಿಲ್ಲ.

ಮುಂದಿನ ವಾರ ಟೀಚರಮ್ಮ ಬಂದರು. ಹಾಳೆಗಳನ್ನು ಬೆಳಕಿಗೆ ಹಿಡಿದು ತಿರುವಿದರು, ಕನ್ನಡಕ ಒರೆಸಿಕೊಂಡು ಮತ್ತೆ ತಿರುವಿದರು.

"ಕಿಟಕಿ ಎಲ್ಲಮ್ಮಾ?"

"ಮೆಷಿನ್ ರಿಪೇರಿ ಆಯ್ತು ಟೀಚರಮ್ಮ. ಇಷ್ಟು ದಿನ ಏನೋ ಸಿಕ್ಕಿ ಹಾಕ್ಕೊಂಡಿತ್ತಂತೆ."

"ಸಿಕ್ಕಿಕೊಂಡಿದ್ದಾಗಲೇ ಚೆನ್ನಾಗಿತ್ತು," ಎಂದರು ಅವರು.

"ಹೌದು," ಎಂದೆ.